ಫುಲ್‌ಸ್ಟಾಪ್ ಟೀಚರ್ ನುಂಗಿಕೊಂಡ ಮಾತು

ಎರಡನೆಯ ತರಗತಿಯ ಮುಂದೆ ಹಾದುಹೋಗುವ ಹೊಸಬರು ಒಂದು ಗಳಿಗೆ ನಿಂತು ಕಿವಿಗೊಡುತ್ತಿದ್ದರು. ಒಳಗೆ ನಡೆಯುತ್ತಿರುವುದು ಪಾಠವೋ ಕವಾಯತೋ ಅವರಿಗೆ ತಿಳಿಯುತ್ತಿರಲಿಲ್ಲ. ಮಕ್ಕಳೆಲ್ಲ ಒಂದೇ ದನಿಯಲ್ಲಿ ಇಂಗ್ಲಿಷ್ ಓದುತ್ತಿದ್ದರು. ನಡುವೆ ಟಪ್ ಎಂದು ಸದ್ದು, ಆಮೇಲೆ ನಿಶ್ಶಬ್ದ, ಮತ್ತೆ ಓದು. ಆ ಟಪ್ ಎನ್ನುವುದೇ ಫುಲ್‌ಸ್ಟಾಪ್. ವಾಕ್ಯ ಮುಗಿದ ಕಡೆ ಮಕ್ಕಳು ಬಲಗೈ ಮುಷ್ಟಿಯನ್ನು ಎಡ ಅಂಗೈಗೆ ಗುದ್ದಬೇಕು, ಮನಸ್ಸಿನಲ್ಲೇ ಒಂದು, ಎರಡು ಎಣಿಸಬೇಕು, ಆಮೇಲೆ ಮುಂದಿನ ವಾಕ್ಯಕ್ಕೆ ಹೋಗಬೇಕು. ಕಾಮಾ ಬಂದರೆ ಕಿರುಬೆರಳನ್ನು ಕೊಕ್ಕೆಯಂತೆ ಬಾಗಿಸಿ ಒಂದು ಉಸಿರು ತೆಗೆದುಕೊಳ್ಳಬೇಕು. ಪ್ರಶ್ನೆಯ ಗುರುತು ಬಂದರೆ ಹುಬ್ಬು ಏರಿಸಿ ಗಲ್ಲ ಎತ್ತಬೇಕು. ಓದು ಬಾರದ ಮಗುವಿಗೂ ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರಾಡಬೇಕು ಎನ್ನುವುದು ಮೈಗೆ ಬಂದುಬಿಡುತ್ತಿತ್ತು.

ಇದನ್ನೆಲ್ಲ ಕಟ್ಟಿ ನಿಲ್ಲಿಸಿದ ಟೀಚರಿಗೆ ಹಳೆಯ ಮಕ್ಕಳು ಯಾರೋ ಫುಲ್‌ಸ್ಟಾಪ್ ಟೀಚರ್ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಕೇಳದವರಂತೆ ಇದ್ದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದರು. ಎತ್ತರದ ಮೈಕಟ್ಟು, ಬಿಗಿಯಾಗಿ ಕಟ್ಟಿದ ತುರುಬು, ಕೈಯಲ್ಲಿ ಸದಾ ಒಂದು ಮರದ ಸ್ಕೇಲು. ಆ ಸ್ಕೇಲಿನಿಂದ ಯಾವ ಮಗುವಿಗೂ ಒಂದು ಏಟು ಬಿದ್ದಿರಲಿಲ್ಲ. ಮೇಜಿನ ಮೇಲೆ ತಾಳ ಹಾಕುವುದಕ್ಕಷ್ಟೇ ಅದು. ಬರವಣಿಗೆಯಲ್ಲೂ ಅವರದು ಅಷ್ಟೇ ಕಟ್ಟುನಿಟ್ಟು. "ಫುಲ್‌ಸ್ಟಾಪ್ ಅಂದ್ರೆ ಸಾಸಿವೆ ಕಾಳು ಕಣ್ರೋ, ಕುಂಬಳಕಾಯಿ ಅಲ್ಲ," ಎನ್ನುತ್ತಿದ್ದರು. "ಕಾಮಾಕ್ಕೆ ಬಾಲ ಇರ್ಬೇಕು. ಹಾಗಂತ ಕೋತಿ ಬಾಲ ಬರೆದಿಟ್ರೆ ಅದನ್ನ ಕಟ್ಟಿಹಾಕೋರು ಯಾರು?" ಮಕ್ಕಳು ನಗುತ್ತಿದ್ದರು, ರಬ್ಬರಿನಿಂದ ಉಜ್ಜುತ್ತಿದ್ದರು, ಮತ್ತೆ ಬರೆಯುತ್ತಿದ್ದರು.

ಮನೆಯಲ್ಲೂ ಈ ಕಟ್ಟಳೆಗೆ ರಜೆ ಇರಲಿಲ್ಲ. ಯಜಮಾನರು ಗಡಿಯಾರ ರಿಪೇರಿ ಮಾಡುವವರು, ಮಾತು ಕಮ್ಮಿ. ಊಟಕ್ಕೆ ಕೂತವರು "ಉಪ್ಪು" ಎಂದರೆ ಸಾಕು, ಟೀಚರ್ ಕೈ ತಡೆದು ನಿಲ್ಲುತ್ತಿದ್ದರು.

"ಉಪ್ಪು ಏನ್ರೀ? ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ, ಬೇಕಾ, ಬೇಡ್ವಾ? ಪೂರ್ತಿ ಹೇಳಿ."

"ಉಪ್ಪು ಬೇಡ, ಊಟಾನೂ ಬೇಡ, ಫುಲ್‌ಸ್ಟಾಪ್," ಎಂದು ಅವರು ಬೆರಳಿನಿಂದ ತಟ್ಟೆಯ ಅಂಚಿಗೆ ಟಪ್ ಎನ್ನಿಸುತ್ತಿದ್ದರು. ನಗು ತಡೆಯಲಾರದೆ ಟೀಚರ್ ಉಪ್ಪಿನ ಡಬ್ಬಿಯನ್ನು ಮುಂದೆ ತಳ್ಳುತ್ತಿದ್ದರು.

ಈ ಕಟ್ಟುನಿಟ್ಟಿನ ಬೇರು ಇದ್ದದ್ದು ಹಳೆಯ ಒಂದು ಅವಮಾನದಲ್ಲಿ. ಚಿಕ್ಕಂದಿನಲ್ಲಿ ಅವರು ಮಾತು ನುಂಗುವ ಹುಡುಗಿ. ಬಾಯಲ್ಲಿ ಹತ್ತಿ ತುಂಬಿಕೊಂಡಿದ್ದೀಯಾ ಎಂದು ಸೋದರತ್ತೆ ಹಂಗಿಸುತ್ತಿದ್ದಳು. ಓದು ಮುಗಿಸಿ ಮೊದಲ ಸಲ ಕೆಲಸ ಕೇಳಿಕೊಂಡು ಹೋದಾಗ, ಒಂದು ಉದ್ದನೆಯ ಮೇಜಿನ ಹಿಂದೆ ಕೂತಿದ್ದ ದೊಡ್ಡ ಮನುಷ್ಯರು ಒಂದು ಇಂಗ್ಲಿಷ್ ಪುಟ ಕೊಟ್ಟು ಓದು ಎಂದರು. ಹೆದರಿದ ಹುಡುಗಿ ಎಲ್ಲೂ ನಿಲ್ಲದೆ ಒಂದೇ ಉಸಿರಿಗೆ ಓದಿ ಮುಗಿಸಿದಳು. ನಡುವೆ ಕೂತವರು ಕನ್ನಡಕ ತೆಗೆದು, "ಈ ಗಾಡಿಗೆ ಬ್ರೇಕ್ ಇಲ್ವೇನಮ್ಮಾ?" ಎಂದರು. ಮೇಜಿನ ಉದ್ದಕ್ಕೂ ನಗು ಹರಿಯಿತು. ಮನೆಗೆ ಬಂದ ಹುಡುಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಅಳು ಯಾರಿಗೂ ಕೇಳಿಸದಿರಲೆಂದು ನಲ್ಲಿ ಬಿಟ್ಟಳು.

ಆಮೇಲೆ ಕೆಲಸ ಕೊಟ್ಟವರು ಇದೇ ಶಾಲೆಯ ಹಳೆಯ ಹೆಡ್‌ಮಿಸ್ಟ್ರೆಸ್. ಕಾಮಾಕ್ಕೆ ಎಷ್ಟು ಉಸಿರು, ಫುಲ್‌ಸ್ಟಾಪಿಗೆ ಎಷ್ಟು ಉಸಿರು ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರೂ ಅವರೇ. ನಿವೃತ್ತರಾದ ದಿನ ತಮ್ಮ ಮರದ ಸ್ಕೇಲನ್ನು ಟೀಚರ್ ಕೈಗಿಟ್ಟು ಹೋದರು. ನನ್ನ ತರಗತಿಯ ಮಗು ಯಾವ ಮೇಜಿನ ಮುಂದೆಯೂ ತಲೆ ತಗ್ಗಿಸಬಾರದು ಎಂದು ಟೀಚರ್ ಆಗಲೇ ನಿಶ್ಚಯಿಸಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಒಳ್ಳೆಯದೇ.

ಆ ಒಳ್ಳೆಯ ಮನಸ್ಸಿನಿಂದಲೇ ಬಾಗಿಲ ವಾಕ್ಯ ಹುಟ್ಟಿತು. ಪಾಠದ ನಡುವೆ ಹೊರಗೆ ಹೋಗಬೇಕಾದ ಮಗು ಕಿರುಬೆರಳು ತೋರಿಸಿ ಓಡುವಂತಿರಲಿಲ್ಲ. ಬೆಂಚಿನಿಂದ ಎದ್ದು ಮೇಜಿನ ಬಳಿ ಬಂದು ನೆಟ್ಟಗೆ ನಿಂತು, "ಟೀಚರ್, ಮೇ ಐ ಗೋ ಔಟ್, ಪ್ಲೀಸ್?" ಎನ್ನಬೇಕು. ಟೀಚರ್ ಎಂದ ಮೇಲೆ ಒಂದು ಕಾಮಾ, ಔಟ್ ಎಂದ ಮೇಲೆ ಇನ್ನೊಂದು, ಕೊನೆಗೆ ಹುಬ್ಬು. ಯಾವುದಾದರೂ ತಪ್ಪಿದರೆ ಬೆಂಚಿಗೆ ವಾಪಸ್ಸು ಹೋಗಿ ಮೊದಲಿನಿಂದ ಬರಬೇಕು. ಬೇಕಾದದ್ದನ್ನು ಕೇಳುವಾಗ ಕಲಿತ ಮಾತು ಜೀವ ಇರುವವರೆಗೂ ಮರೆಯುವುದಿಲ್ಲ ಎಂದು ಟೀಚರ್ ಹೇಳುತ್ತಿದ್ದರು. ಅದೂ ನಿಜವೇ ಆಗಿತ್ತು. ಬಾಗಿಲ ವಾಕ್ಯದ ಕಾಮಾ ತಪ್ಪುವ ಮಕ್ಕಳು ವರ್ಷದ ನಡುವಿಗೆ ಬರುವಷ್ಟರಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಬೇರೆ ತರಗತಿಯ ಟೀಚರುಗಳು ಬಂದು ನೋಡಿ ಹೋಗಿ ತಾವೂ ಅದನ್ನೇ ಶುರು ಮಾಡಿದರು. ಹೆಡ್‌ಮಾಸ್ಟರು ಹೆತ್ತವರ ಸಭೆಯಲ್ಲಿ ಅದನ್ನೇ ಹೊಗಳಿದರು.

ಹೊಗಳದೆ ಉಳಿದವಳು ಆಯಾ ಒಬ್ಬಳೇ. ಶಾಲೆಯ ನೆಲ ಒರೆಸುವುದು, ಗಂಟೆ ಹೊಡೆಯುವುದು, ಬಿದ್ದ ಮಕ್ಕಳ ಮಂಡಿ ತೊಳೆಯುವುದು ಎಲ್ಲ ಅವಳದೇ.

"ಟೀಚರಮ್ಮಾ, ನಿಮ್ಮ ಕಾಮಾ ಬರೋ ಹೊತ್ತಿಗೆ ಒಂದಿನ ಬೇರೇನೋ ಬರುತ್ತೆ ನೋಡ್ತಿರಿ."

"ಏನೂ ಬರಲ್ಲ ಸುಮ್ನಿರೇ. ಮಕ್ಕಳು ನಿನಗಿಂತ ಗಟ್ಟಿಗರು."

"ಮಕ್ಕಳು ಗಟ್ಟಿಗರೇ. ಹೊಟ್ಟೆ ನಿಮ್ಮ ಗ್ರಾಮರ್ ಕೇಳಲ್ಲ, ಅಷ್ಟೇ," ಎಂದು ಅವಳು ಬಕೆಟ್ ಎತ್ತಿಕೊಂಡು ಹೋಗುತ್ತಿದ್ದಳು. ಟೀಚರ್ ಆ ಮಾತನ್ನು ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದರು.

ಆ ವರ್ಷ ತರಗತಿಗೆ ಹೊಸದಾಗಿ ಸೇರಿದವಳು ಗುಬ್ಬಿ. ಮನೆಯಲ್ಲಿ ಕರೆಯುವ ಹೆಸರೇ ಶಾಲೆಯಲ್ಲೂ ಅಂಟಿಕೊಂಡಿತ್ತು. ಗೇಣುದ್ದದ ಮಗು, ಹಕ್ಕಿಯಂಥ ದನಿ. ತಾಯಿ ಬಸ್ ಸ್ಟ್ಯಾಂಡ್ ಪಕ್ಕದ ಕ್ಲಿನಿಕ್ಕಿನಲ್ಲಿ ನರ್ಸು, ಮನೆಯಲ್ಲಿ ನೋಡಿಕೊಳ್ಳುವುದು ಅಜ್ಜಿ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದರಲ್ಲಿ ಗುಬ್ಬಿಯನ್ನು ಮೀರಿಸುವವರಿರಲಿಲ್ಲ. ಅವಳ ಪುಟ್ಟ ಮುಷ್ಟಿ ಅಂಗೈಗೆ ಬೀಳುತ್ತಿದ್ದ ರೀತಿ ನೋಡಿ ಟೀಚರಿಗೆ ಖುಷಿಯಾಗುತ್ತಿತ್ತು. ದನಿಯೊಂದು ಏರಬೇಕು, ಈ ವರ್ಷ ಏರಿಸಿಯೇ ಸಿದ್ಧ ಎಂದುಕೊಂಡಿದ್ದರು.

ಒಂದು ಮಧ್ಯಾಹ್ನ ಮಕ್ಕಳು ಬೋರ್ಡಿನಿಂದ ಕಾಪಿ ಬರೆಯುತ್ತಿದ್ದರು. ಟೀಚರ್ ತಲೆ ತಗ್ಗಿಸಿ ಪುಸ್ತಕ ತಿದ್ದುತ್ತಿದ್ದರು. ಮೇಜಿನ ಆಚೆಯಿಂದ ಏನೋ ಪಿಸುಗುಟ್ಟಿದ ಹಾಗಾಯಿತು.

"ಕೇಳಿಸ್ಲಿಲ್ಲ," ಎಂದರು ತಲೆ ಎತ್ತದೆ.

"ಟೀಚರ್ ಮೇ ಐ ಗೋ ಔಟ್, ಪ್ಲೀಸ್?"

"ಮೊದಲನೇ ಕಾಮಾ ಎಲ್ಲಿ ಹೋಯ್ತು ಗುಬ್ಬಿ? ಬೆಂಚಿನ ಕೆಳಗೆ ಬಿದ್ದಿರ್ಬೇಕು, ಹುಡುಕ್ಕೊಂಡು ಬಾ."

ಇದು ಮಾಮೂಲಿ ಹಾಸ್ಯ. ತರಗತಿ ನಕ್ಕಿತು. ಗುಬ್ಬಿ ಬೆಂಚಿಗೆ ಹೋದಳು, ಕೂತಳು, ಎದ್ದಳು, ಮತ್ತೆ ಬಂದಳು. ಈ ಸಲ ನಡಿಗೆ ಸಣ್ಣದಾಗಿತ್ತು, ಮಂಡಿಗೆ ಮಂಡಿ ತಾಗುತ್ತಿತ್ತು. ಅದನ್ನು ನೋಡಲು ಟೀಚರ್ ತಲೆ ಎತ್ತಬೇಕಿತ್ತು. ಎತ್ತಲಿಲ್ಲ, ಕಿವಿ ಮಾತ್ರ ಕೊಟ್ಟರು. ಕಾಮಾ ಎರಡೂ ಬಂದವು. ಕೊನೆಯಲ್ಲಿ ದನಿ ಏರಲಿಲ್ಲ.

"ಕೇಳ್ತಾ ಇದ್ದೀಯೋ, ನನಗೇ ಅಪ್ಪಣೆ ಕೊಡ್ತಾ ಇದ್ದೀಯೋ? ಇನ್ನೊಂದು ಸಲ."

ಮತ್ತೆ ನಗು. ಆಮೇಲೆ ನಗು ತಾನಾಗಿ ನಿಂತುಹೋಯಿತು. ಮುಂದಿನ ಬೆಂಚಿನಿಂದ ಒಬ್ಬಳು ಉಸಿರೆಳೆದುಕೊಂಡಳು. ಟೀಚರ್ ಆಗ ತಲೆ ಎತ್ತಿದರು. ಗುಬ್ಬಿ ಅಲ್ಲೇ ನಿಂತಿದ್ದಳು, ಬೆಂಚಿಗೆ ಹೋಗಿರಲಿಲ್ಲ. ಬಿಳಿ ಕಾಲುಚೀಲ ಒದ್ದೆಯಾಗಿತ್ತು. ಬೂಟಿನ ಸುತ್ತ ನೀರು ನಿಧಾನವಾಗಿ ಮೇಜಿನ ಕಾಲಿನ ಕಡೆಗೆ ಹರಿಯುತ್ತಿತ್ತು. ಕಣ್ಣು ತುಂಬಿತ್ತು, ಬಾಯಿ ನಡುಗುತ್ತಿತ್ತು.

ಎದ್ದು ಹೋಗಿ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಬೇಕಿತ್ತು. ಯಾವ ಹೆಂಗಸಾದರೂ, ಯಾವ ಗಂಡಸಾದರೂ ಅದನ್ನೇ ಮಾಡುತ್ತಿದ್ದರು. ಆದರೆ ಎಷ್ಟೋ ವರ್ಷಗಳಿಂದ ಒಂದೇ ದಾರಿಯಲ್ಲಿ ಹರಿದ ನಾಲಿಗೆ ಟೀಚರಿಗಿಂತ ಮುಂಚೆ ಎದ್ದು ನಿಂತಿತು.

"ಏನಾಯ್ತು? ಅಳಬಾರ್ದು. ಪೂರ್ತಿ ವಾಕ್ಯದಲ್ಲಿ ಹೇಳು."

ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮಗು. ಅಳು ನುಂಗಿಕೊಂಡಿತು. ಬೆನ್ನು ನೆಟ್ಟಗೆ ಮಾಡಿತು. ಆ ವರ್ಷದಲ್ಲಿ ಮೊದಲ ಸಲ ಹಿಂದಿನ ಬೆಂಚಿಗೂ ಕೇಳುವ ಹಾಗೆ, "ಟೀಚರ್," ಎಂದಿತು. ಕಿರುಬೆರಳು ಬಾಗಿತು, ಒಂದು ಉಸಿರು. "ಮೈ ಫ್ರಾಕ್ ಈಸ್ ವೆಟ್." ಮುಷ್ಟಿ ಅಂಗೈಗೆ ಬಿತ್ತು. ಅಭ್ಯಾಸಬಲದಿಂದ ಇಡೀ ತರಗತಿಯ ಮುಷ್ಟಿಗಳೂ ಅದರ ಜೊತೆಗೇ ಬಿದ್ದವು. ಟಪ್.

ಒಂದು. ಎರಡು.

"ಗುಡ್," ಎಂದರು ಟೀಚರ್.

ಹೊರಗೆ ಬಂದ ಮಾತು ಅವರ ಕಿವಿಗೇ ಬಿತ್ತು. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಸದ್ದು ಕೇಳಿ ಬಂದ ಆಯಾ ಬಾಗಿಲಲ್ಲಿ ನಿಂತು ನೋಡಿದಳು. "ಬಾ ಕಂದಾ," ಎಂದು ಗುಬ್ಬಿಯ ಕೈ ಹಿಡಿದು ಕರೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಒಬ್ಬಳೇ ವಾಪಸ್ಸು ಬಂದು ನೆಲ ಒರೆಸಿದಳು. ಅವಳು ಹಂಗಿಸುತ್ತಾಳೆಂದು ಟೀಚರ್ ಕಾದರು, ಹಂಗಿಸಿದ್ದರೆ ಎಷ್ಟೋ ವಾಸಿ ಎನಿಸುತ್ತಿತ್ತು. ಆಯಾ ಬಟ್ಟೆ ಹಿಂಡಿದಳು, ಬಕೆಟ್ ಎತ್ತಿದಳು, ಟೀಚರ್ ಮುಖ ನೋಡದೆ ಹೋದಳು.

ಅಂದು ಸಂಜೆ ಯಜಮಾನರು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು ಕೇಳಿದರು. "ಯಾಕೆ ಟೀಚರಮ್ಮಾ, ಮುಖ ಒಂಥರಾ ಇದೆ?"

"ಏನಿಲ್ಲ."

"ಏನಿಲ್ಲ ಅಂದ್ರೆ? ಪೂರ್ತಿ ಹೇಳ್ಬೇಕಲ್ವಾ?" ಅವರು ತಮಾಷೆಗೇ ಅಂದದ್ದು. ಟೀಚರ್ ಎದ್ದು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟರು. ಬಹಳ ವರ್ಷದ ಹಿಂದಿನ ಆ ಉದ್ದನೆಯ ಮೇಜು ಕಣ್ಣ ಮುಂದೆ ಬಂತು. ಈ ಸಲ ಮೇಜಿನ ಹಿಂದೆ ಕೂತಿದ್ದವರು ತಾವು.

ಮರುದಿನ ಗುಬ್ಬಿ ಬಂದಳು. ಓದು ಎಂದರೆ ಓದಿದಳು, ಬರೆ ಎಂದರೆ ಬರೆದಳು. ಏನೂ ಆಗಿಲ್ಲ ಎಂದು ಟೀಚರ್ ತಮಗೆ ತಾವೇ ಹೇಳಿಕೊಂಡರು. ಮಕ್ಕಳ ನೆನಪು ಎಷ್ಟು ದಿನ, ಇಂದು ಆದ ಗಾಯ ನಾಳೆ ಮಾಯುತ್ತದೆ ಎಂದುಕೊಂಡರು. ಆದರೆ ಬೆಂಚಿನ ಅಂಚಿನಲ್ಲಿದ್ದ ನೀಲಿ ನೀರಿನ ಬಾಟಲಿಯ ಮೇಲೆ ಕಣ್ಣು ಹೋಗುತ್ತಿತ್ತು. ಬೆಳಿಗ್ಗೆ ಕಂಠಮಟ್ಟ ತುಂಬಿದ್ದದ್ದು ಸಂಜೆಯೂ ಕಂಠಮಟ್ಟವೇ ಇರುತ್ತಿತ್ತು. ಗುಬ್ಬಿ ಊಟದ ಬಿಡುವಿನಲ್ಲೂ ಶೌಚಾಲಯದ ಕಡೆ ಹೋಗುತ್ತಿರಲಿಲ್ಲ. ಅಲ್ಲಿ ಹುಡುಗಿಯರು ಅವಳನ್ನು ಕಂಡೊಡನೆ ಅಂಗೈಗೆ ಮುಷ್ಟಿ ಗುದ್ದಿ ನಗುತ್ತಿದ್ದರು ಎಂದು ಟೀಚರಿಗೆ ಗೊತ್ತಾದದ್ದು ಆಮೇಲೆ.

ಒಂದು ದಿನ ತಡೆಯಲಾರದೆ ಪಾಠದ ನಡುವೆಯೇ, "ಗುಬ್ಬಿ, ಹೊರಗೆ ಹೋಗ್ಬೇಕೇನಮ್ಮಾ? ಸುಮ್ನೆ ಹೋಗಿ ಬಾ," ಎಂದರು. ತಲೆಗಳೆಲ್ಲ ತಿರುಗಿದವು. ಹಿಂದಿನಿಂದ ಯಾರೋ ಮೆಲ್ಲಗೆ ಟಪ್ ಎನ್ನಿಸಿದರು. ಗುಬ್ಬಿಯ ಕಿವಿ ಕೆಂಪಾಯಿತು. "ಟೀಚರ್, ನೋ, ಥ್ಯಾಂಕ್ ಯೂ," ಎಂದಳು. ಕಾಮಾ ಒಂದೂ ತಪ್ಪಿರಲಿಲ್ಲ. ಟೀಚರ್ ಬೋರ್ಡಿನ ಕಡೆ ತಿರುಗಿ, ಬರೆಯಬೇಕಾದದ್ದು ಮರೆತು ನಿಂತರು.

ಅದಾದ ಕೆಲವು ದಿನಕ್ಕೆ ಗುಬ್ಬಿಯ ಬೆಂಚು ಖಾಲಿಯಾಯಿತು. ಜ್ವರವಂತೆ ಎಂದು ಪಕ್ಕದವಳು ಹೇಳಿದಳು.

ಟೀಚರ್ ಸಂಜೆ ವಿಳಾಸ ಹುಡುಕಿಕೊಂಡು ಹೋದರು. ಸೈಕಲ್ ಅಂಗಡಿಯ ಮೇಲಿನ ಮನೆ, ಕಡಿದಾದ ಮೆಟ್ಟಿಲು. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಜೋಡಿಸಿಕೊಂಡಿದ್ದರು: ನಿಮ್ಮ ಮಗು ತರಗತಿಯಲ್ಲಿ ಅವಮಾನ ಪಟ್ಟದ್ದು ನನ್ನಿಂದ. ಬಾಗಿಲು ತೆಗೆದವರು ಅಜ್ಜಿ.

"ಅಯ್ಯೋ, ಟೀಚರೇ ಬಂದ್ರಾ, ಬನ್ನಿ ತಾಯಿ. ಗುಬ್ಬಿಗೆ ಈಗ ತಾನೆ ನಿದ್ದೆ ಹತ್ತಿತು. ಇವಳಮ್ಮ ಇನ್ನೂ ಡ್ಯೂಟಿಯಿಂದ ಬಂದಿಲ್ಲ. ಕೂತ್ಕೊಳ್ಳಿ." ಕುರ್ಚಿಯ ಮೇಲಿದ್ದ ಒಗೆದ ಬಟ್ಟೆಗಳನ್ನು ಬಾಚಿ ಪಕ್ಕಕ್ಕಿಟ್ಟರು. "ನೀವು ಏನು ಮಾಡಿದ್ರೋ ಕಾಣೆ, ನಮ್ಮನೇಲಿ ಈಗ ಅರ್ಧ ಮಾತಾಡೋ ಹಾಗಿಲ್ಲ. ಲೋಟ ಕೊಡೇ ಅಂದ್ರೆ, ಅಜ್ಜಿ, ಯಾವ ಲೋಟ, ಯಾರಿಗೆ, ಪೂರ್ತಿ ಹೇಳಿ ಅಂತಾಳೆ. ಈ ವಯಸ್ಸಲ್ಲಿ ನನಗೂ ಸ್ಕೂಲು."

ಅಜ್ಜಿ ನಕ್ಕರು. ಟೀಚರೂ ನಗಬೇಕಾಯಿತು. ಒಳಕೋಣೆಯ ಪರದೆಯ ಕೆಳಗೆ ಪುಟ್ಟ ಬೂಟುಗಳು ಕಾಣುತ್ತಿದ್ದವು. ಅಂದು ಒದ್ದೆಯಾಗಿದ್ದವು ಅವೇ, ಈಗ ಪಾಲಿಶ್ ಮಾಡಿ ಜೋಡಿಸಿಟ್ಟಿದ್ದರು.

"ಸ್ಕೂಲಲ್ಲಿ ಏನಾದ್ರೂ ಆಯ್ತಾ ತಾಯಿ? ಮಗು ಯಾಕೋ ಮಂಕಾಗಿದೆ."

"ಏನಿಲ್ಲ, ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದ ಟೀಚರ್, ಅಜ್ಜಿ ಕೊಟ್ಟ ನೀರು ಕುಡಿದು ಇಳಿದುಬಿಟ್ಟರು. ಮೆಟ್ಟಿಲ ಕೆಳಗೆ ನಿಂತಾಗ, ಹೋಗುವಾಗ ಇದ್ದದ್ದಕ್ಕಿಂತ ಇಮ್ಮಡಿ ನಾಚಿಕೆ ಮೈ ಹತ್ತಿತ್ತು. ಬಾಯಿ ಬಿಟ್ಟು ಮಾತಾಡಿ ಎಂದು ಜೀವಮಾನವೆಲ್ಲ ಹೇಳಿದವರು ಒಂದು ವಾಕ್ಯ ಹೇಳಲಾರದೆ ಹಿಂದಿರುಗಿದ್ದರು.

ಮರುದಿನ ಶಾಲೆ ಬಿಟ್ಟ ಕೂಡಲೇ ನೇರ ಕ್ಲಿನಿಕ್ಕಿಗೆ ಹೋದರು. ಮತ್ತೆ ಯೋಚಿಸಲು ಕೂತರೆ ಕಾಲು ಮನೆಯ ಕಡೆ ತಿರುಗುತ್ತದೆ ಎಂದು ಗೊತ್ತಿತ್ತು. ನರ್ಸು ಅವರನ್ನು ಬ್ಯಾಂಡೇಜು ಸುತ್ತುವ ಸಣ್ಣ ಕೋಣೆಗೆ ಕರೆದುಕೊಂಡು ಹೋದಳು. ಅವಳ ಕೈ ಬ್ಯಾಂಡೇಜಿನ ಬಟ್ಟೆ ಸುತ್ತುತ್ತಲೇ ಇತ್ತು. ಟೀಚರ್ ನಿಂತೇ ಹೇಳಿದರು.

"ನಿಮ್ಮ ಮಗಳು ಕ್ಲಾಸಲ್ಲಿ ಒದ್ದೆ ಮಾಡ್ಕೊಂಡದ್ದು ನನ್ನಿಂದ. ಅವಳು ಹೊರಗೆ ಹೋಗ್ತೀನಿ ಅಂತ ಕೇಳಿದ್ಲು. ನಾನು ಬಿಡ್ಲಿಲ್ಲ."

"ಗೊತ್ತು ಟೀಚರ್."

"ಹೇಳಿದ್ಲಾ?"

"ಅವತ್ತೇ ಹೇಳಿದ್ಲು. ಅತ್ತೆಗೆ ಗೊತ್ತಿಲ್ಲ, ನನಗೆ ಮಾತ್ರ. ಒದ್ದೆ ಆಗಿದ್ದು ದೊಡ್ಡ ವಿಷಯ ಅಲ್ಲ ಬಿಡಿ. ಇಲ್ಲಿ ಮೀಸೆ ಹೊತ್ತೋರೇ ಸೂಜಿ ನೋಡಿದ್ರೆ ಒದ್ದೆ ಮಾಡ್ಕೊಳ್ತಾರೆ, ನಾನು ಬಟ್ಟೆ ಬದಲಾಯಿಸ್ತೀನಿ." ನರ್ಸು ಬ್ಯಾಂಡೇಜಿನ ತುದಿ ಕತ್ತರಿಸಿದಳು. "ಅವಳು ನನ್ನ ಒಂದೇ ಪ್ರಶ್ನೆ ಕೇಳಿದ್ಲು. ಅಮ್ಮಾ, ಟೀಚರ್ ಗುಡ್ ಅಂದ್ರಲ್ಲ, ಯಾವುದು ಗುಡ್, ಅಂದ್ಲು. ನನಗೆ ಉತ್ತರ ಗೊತ್ತಾಗ್ಲಿಲ್ಲ. ನಿಮಗೆ ಗೊತ್ತಿದ್ರೆ ಹೇಳಿ, ಮನೆಗೆ ಹೋಗಿ ಹೇಳ್ತೀನಿ."

ಟೀಚರ್ ಕುರ್ಚಿ ಹಿಡಿದುಕೊಂಡರು.

"ಜ್ವರ ಯಾಕೆ ಬಂತು ಅಂತಾನೂ ಕೇಳಿ," ಎಂದಳು ನರ್ಸು. ದನಿ ಏರಿಸಿರಲಿಲ್ಲ. "ಶಾಲೇಲಿ ಒಂದು ಗುಟುಕು ನೀರು ಕುಡೀತಿಲ್ಲ. ಬೆಳಿಗ್ಗೆ ಹೋದೋಳು ಮನೆಗೆ ಬರೋವರೆಗೂ ತಡ್ಕೊಳ್ತಾಳೆ. ಮೂತ್ರದ ಸೋಂಕು ಆಗಿದೆ. ಔಷಧಿ ಕೊಟ್ಟಿದ್ದೀವಿ, ಇಳಿಯುತ್ತೆ. ಆದ್ರೆ ಹೀಗೇ ತಡ್ಕೊಂಡ್ರೆ ಮತ್ತೆ ಬರುತ್ತೆ, ಪದೇಪದೇ ಬಂದ್ರೆ ಕಿಡ್ನಿಗೆ ತೊಂದ್ರೆ. ಆ ಶಾಲೇನೇ ಬೇಡ ಅಂತಾರೆ ನಮ್ಮೆಜಮಾನ್ರು. ಸ್ವಲ್ಪ ದಿನ ನೋಡೋಣ ಅಂದಿದ್ದೀನಿ ನಾನು. ಅವಳಿಗೆ ನೀವಂದ್ರೆ ಇಷ್ಟ. ಅದೇ ಕಷ್ಟ ಆಗಿರೋದು."

"ಅವಳು ಶಾಲೆಗೆ ಬಂದ ದಿನ ಎಲ್ಲಾ ಮಕ್ಕಳ ಮುಂದೆ ಅವಳ ಹತ್ರ ಕ್ಷಮೆ ಕೇಳ್ತೀನಿ."

"ದಮ್ಮಯ್ಯ, ಬೇಡಿ. ಮತ್ತೊಂದ್ಸಲ ಅವಳನ್ನ ಎಲ್ಲರ ಮುಂದೆ ನಿಲ್ಲಿಸಿದ ಹಾಗೆ ಅದು. ನಿಮ್ಮ ಮನಸ್ಸು ಹಗುರ ಆಗುತ್ತೆ, ಅವಳದ್ದು ಇನ್ನೂ ಭಾರ ಆಗುತ್ತೆ."

"ಹಾಗಾದ್ರೆ ನಾನು ಏನು ಮಾಡ್ಲಿ?"

"ಮಾತಿಲ್ಲದೆ ಆಗೋದು ಏನಾದ್ರೂ ಮಾಡಿ," ಎಂದಳು ನರ್ಸು, ಹೊರಗೆ ಯಾರೋ ಕರೆದರೆಂದು ಎದ್ದಳು.

ಮಾತಿಲ್ಲದೆ ಆಗುವುದು ಏನು ಎನ್ನುವುದೇ ಟೀಚರಿಗೆ ಬಾರದ ಪಾಠ. ಮನೆಗೆ ಬಂದು ಮೊದಲ ಸಲ ಯಜಮಾನರಿಗೆ ಎಲ್ಲವನ್ನೂ ಹೇಳಿದರು. ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದು ಗಡಿಯಾರದ ಹಿಂಬದಿಯ ಮುಚ್ಚಳ ಹಾಕುತ್ತ, "ನಮ್ಮ ಅಂಗಡೀಲಿ ಕಕ್ಕಸಿನ ಕೀಲಿಕೈ ಮೊಳೆಗೆ ತಗಲು ಹಾಕಿರ್ತೀವಿ. ಬೇಕಾದೋನು ತಗೊಂಡು ಹೋಗ್ತಾನೆ. ಯಾರೂ ಯಾರನ್ನೂ ಕೇಳಲ್ಲ," ಎಂದರು.

ಮರುದಿನ ಟೀಚರ್ ಬೇಗ ಹೋಗಿ ಆಯಾಳಿಂದ ಸುತ್ತಿಗೆ ಕೇಳಿದರು. ತರಗತಿಯ ಬಾಗಿಲ ಪಕ್ಕ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಮೊಳೆ ಹೊಡೆದರು. ತಮ್ಮ ಮರದ ಸ್ಕೇಲಿನ ತುದಿಯ ತೂತಿಗೆ ದಾರ ಕಟ್ಟಿ ಅದಕ್ಕೆ ತಗಲು ಹಾಕಿದರು. ಆಯಾ ಸುತ್ತಿಗೆಗಾಗಿ ಕಾಯುತ್ತ ನೋಡುತ್ತಿದ್ದಳು.

"ಇನ್ನು ತಾಳ ಯಾತರಲ್ಲಿ ಹಾಕ್ತೀರಿ?"

"ಹಾಕಲ್ಲ."

ಆಯಾ ಸುತ್ತಿಗೆ ತೆಗೆದುಕೊಂಡಳು. "ಮೊಳೆ ಸೊಟ್ಟಗಿದೆ," ಎಂದು, ತಾನೇ ಎರಡು ಏಟು ಹಾಕಿ ನೇರ ಮಾಡಿ ಹೋದಳು.

"ಇನ್ಮೇಲೆ ಬಾಗಿಲ ವಾಕ್ಯ ಇಲ್ಲ," ಎಂದರು ಟೀಚರ್ ಮಕ್ಕಳಿಗೆ. "ಹೊರಗೆ ಹೋಗ್ಬೇಕಾದೋರು ಈ ಸ್ಕೇಲು ತಗೊಂಡು ಹೋಗಿ, ಬಂದು ತಗಲು ಹಾಕಿ. ಮೊಳೆ ಖಾಲಿ ಇದ್ರೆ ಯಾರೋ ಹೋಗಿದ್ದಾರೆ ಅಂತ. ನನ್ನ ಕೇಳೋದು ಬೇಡ."

"ಕಾಮಾನೂ ಬೇಡ್ವಾ ಟೀಚರ್?"

"ಕಾಮಾನೂ ಬೇಡ. ಇನ್ನೊಂದು ಮಾತು. ಒಬ್ಬರನ್ನ ನೋಡಿ ಇನ್ನೊಬ್ಬರು ಮುಷ್ಟಿ ಗುದ್ದೋದು ಇವತ್ತಿಗೆ ಮುಗೀತು. ಅದನ್ನ ನಗೋಕೆ ಅಂತ ಕಲಿಸಿದ್ದಲ್ಲ ನಾನು."

ಮೊದಲ ದಿನ ಸ್ಕೇಲಿಗೆ ಬಿಡುವೇ ಇರಲಿಲ್ಲ. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೆ, "ಏನು ಟೀಚರ್, ನಿಮ್ಮ ಮಕ್ಕಳು ಮೆರವಣಿಗೆ ಹೊರಟ ಹಾಗಿದೆ. ಆ ಬಾಗಿಲ ವಾಕ್ಯ ಎಷ್ಟು ಚೆನ್ನಾಗಿತ್ತು," ಎಂದರು.

"ಚೆನ್ನಾಗಿರ್ಲಿಲ್ಲ ಸರ್," ಎಂದರು ಟೀಚರ್. ಎದುರಿಗೆ ಅದನ್ನೇ ನೋಡಿ ಕಲಿತ ಟೀಚರುಗಳು ಕೂತಿದ್ದರು. "ಒಂದು ಮಗು ಹೊರಗೆ ಹೋಗ್ಬೇಕು ಅಂತ ಬಂತು. ಕಾಮಾ ಇಲ್ಲ ಅಂತ ವಾಪಸ್ ಕಳಿಸಿದೆ. ಅದು ನನ್ನ ಮೇಜಿನ ಮುಂದೇನೇ ಒದ್ದೆ ಮಾಡ್ಕೊಳ್ತು. ಈಗ ಕಾಯಿಲೆ ಬಿದ್ದಿದೆ. ನೀವೂ ಯಾರಾದ್ರೂ ನನ್ನ ನೋಡಿ ಶುರು ಮಾಡಿದ್ರೆ ದಯವಿಟ್ಟು ಬಿಟ್ಬಿಡಿ." ಅಷ್ಟು ಹೇಳುವಷ್ಟರಲ್ಲಿ ಕೊರಳು ಬೆವೆತಿತ್ತು. ಯಾರೋ ಕೆಮ್ಮಿದರು. ಎಲ್ಲರೂ ತಮ್ಮ ತಮ್ಮ ಪುಸ್ತಕಗಳ ಕಡೆಗೆ ತಲೆ ಬಾಗಿಸಿದರು.

ಗುಬ್ಬಿ ವಾಪಸ್ಸು ಬಂದದ್ದು ಸ್ಕೇಲಿನ ಹೊಸತನ ಇಳಿದ ಮೇಲೆ. ಅಂದು ಸಂಜೆ ಬೇರೆ ಮಕ್ಕಳು ಓಡಿದಾಗ ಬೂಟಿನ ಲೇಸು ಕಟ್ಟಿಕೊಳ್ಳುತ್ತ ಒಬ್ಬಳೇ ಹಿಂದೆ ಉಳಿದಳು. ಟೀಚರ್ ಅವಳ ಪಕ್ಕದ ಬೆಂಚಿನಲ್ಲಿ, ಮಕ್ಕಳು ಕೂರುವ ತಗ್ಗು ಬೆಂಚಿನಲ್ಲಿ, ಕಷ್ಟಪಟ್ಟು ಕೂತರು.

"ಅವತ್ತು ನಾನು ಗುಡ್ ಅಂದೆ. ಯಾವುದು ಗುಡ್ ಅಂತ ನೀನು ಅಮ್ಮನ್ನ ಕೇಳಿದೆಯಂತೆ. ಯಾವುದೂ ಗುಡ್ ಅಲ್ಲ. ನಾನು ತಪ್ಪು ಮಾಡ್ದೆ. ನೀನು ಏನೂ ತಪ್ಪು ಮಾಡ್ಲಿಲ್ಲ."

ಗುಬ್ಬಿ ಲೇಸು ನೋಡುತ್ತಲೇ ಇದ್ದಳು. ಆಮೇಲೆ ಸಣ್ಣಗೆ ತಲೆ ಆಡಿಸಿದಳು. ತಲೆ ಆಡಿಸುವುದು ಆ ತರಗತಿಯಲ್ಲಿ ಉತ್ತರ ಎನಿಸಿಕೊಳ್ಳುತ್ತಿರಲಿಲ್ಲ, ಬಾಯಿ ಇದೆಯಲ್ಲ ಎನ್ನುವುದು ಟೀಚರ್ ರೂಢಿ. ಟೀಚರ್ ಸುಮ್ಮನೆ ಕೂತರು. ಗುಬ್ಬಿ ಚೀಲ ಹೆಗಲಿಗೇರಿಸಿ ಹೋದಳು. ಬೆಂಚಿನ ಮೇಲೆ ಮರೆತುಬಿಟ್ಟಿದ್ದ ನೀಲಿ ಬಾಟಲಿ ಅಂದೂ ಕಂಠಮಟ್ಟ ತುಂಬಿತ್ತು.

ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅವರು ಒಳಗೆಲ್ಲೋ ನಂಬಿದ್ದರು. ಸರಿಹೋಗಲಿಲ್ಲ. ಬೇರೆ ಮಕ್ಕಳು ಹೋದರು, ಬಂದರು, ಗುಬ್ಬಿ ಏಳಲಿಲ್ಲ. ಅವಳು ಬಾಗಿಲ ಕಡೆ ನೋಡುವುದು, ಆಮೇಲೆ ಟೀಚರ್ ಕಡೆ ನೋಡುವುದು, ತಲೆ ತಗ್ಗಿಸುವುದು ನಡೆದೇ ಇತ್ತು. ತಮ್ಮ ಕಣ್ಣೇ ಅವಳಿಗೆ ಅಡ್ಡ ಎಂದು ಟೀಚರಿಗೆ ನಿಧಾನವಾಗಿ ಹೊಳೆಯಿತು. ಆ ಕಣ್ಣು ಅವಳಿಗೆ ಮತ್ತೊಂದು ಪರೀಕ್ಷೆಯೇ ಆಗಿತ್ತು. ಎದ್ದಾಳೋ, ಇಲ್ಲವೋ. ಅಂದಿನಿಂದ ಟೀಚರ್ ಬೋರ್ಡಿನಲ್ಲಿ ಹೆಚ್ಚು ಬರೆಯತೊಡಗಿದರು. ತರಗತಿಗೆ ಬೆನ್ನು ಕೊಟ್ಟು, ಬೇಕಾದದ್ದು, ಬೇಡದ್ದು, ಉದ್ದುದ್ದ ವಾಕ್ಯಗಳನ್ನು ಬರೆದರು. ಮಕ್ಕಳು ಬೆರಳು ನೋಯುತ್ತದೆ ಎಂದು ಗೊಣಗಿದರು.

ಹಾಗೆ ಬರೆಯುತ್ತಿದ್ದ ಒಂದು ಮಧ್ಯಾಹ್ನ ಹಿಂದೆ ಬೆಂಚು ಕಿರುಗುಟ್ಟಿತು. ಹಗುರ ಹೆಜ್ಜೆ ಬಾಗಿಲ ಕಡೆ ಹೋಯಿತು, ನಿಂತಿತು. ಯಾವ ಹೆಜ್ಜೆ ಎಂದು ಟೀಚರಿಗೆ ನೋಡದೆಯೇ ಗೊತ್ತಾಯಿತು. ಸೀಮೆಸುಣ್ಣ ಒಂದು ಅಕ್ಷರದ ನಡುವೆ ತಡೆಯಿತು. ತಡೆದರೆ ಅದೂ ಕೇಳಿಸುತ್ತದೆ ಎನಿಸಿ ಮತ್ತೆ ಬರೆದರು. ಮೊಳೆಯಿಂದ ದಾರ ಬಿಡಿಸಿಕೊಂಡ ಸದ್ದಾಯಿತು. ಸ್ಕೇಲು ಒಂದು ಸಲ ಬಾಗಿಲಿಗೆ ತಾಗಿತು. ಹೆಜ್ಜೆ ಕಾರಿಡಾರಿನಲ್ಲಿ ದೂರವಾಯಿತು.

ಒಂದು ಮಾತು ಎದ್ದು ಬಂದು ಟೀಚರ್ ನಾಲಿಗೆಯ ತುದಿಯಲ್ಲಿ ನಿಂತಿತು. ಎಷ್ಟೋ ವರ್ಷಗಳಿಂದ ಹೀಗೆ ಯಾವ ಮಗು ಏನು ಸರಿ ಮಾಡಿದರೂ ತಾನಾಗಿ ಹೊರಬೀಳುತ್ತಿದ್ದ ಒಂದೇ ಪದ. ಅವರು ತುಟಿ ಬಿಗಿಹಿಡಿದರು. ವಾಕ್ಯ ಮುಗಿಸಿದರು. ಕೊನೆಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆಯನ್ನು ಸದ್ದಾಗದ ಹಾಗೆ ಇಟ್ಟರು.

ಹೆಜ್ಜೆ ವಾಪಸ್ಸು ಬಂತು. ಸ್ಕೇಲು ಮೊಳೆಗೆ ತೂಗಿತು. ಬೆಂಚು ಕಿರುಗುಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಬಾಟಲಿಯ ಮುಚ್ಚಳ ತಿರುಗಿಸುವ ಸದ್ದು ಕೇಳಿಸಿತು, ಆಮೇಲೆ ಮಗುವೊಂದು ಗಟಗಟನೆ ನೀರು ಕುಡಿಯುವ ಸದ್ದು.

"ಟೀಚರ್, ಬೋರ್ಡಲ್ಲಿ ಜಾಗ ಮುಗೀತು," ಎಂದ ಮುಂದಿನ ಬೆಂಚಿನವನು.

"ಮುಗೀಲಿ," ಎಂದರು ಟೀಚರ್. ಅದು ಪೂರ್ತಿ ವಾಕ್ಯವಾಗಿರಲಿಲ್ಲ. ಮಕ್ಕಳಿಗೆ ತೋರಿಸುವಂಥ ಮುಖ ಇನ್ನೂ ಬಂದಿರಲಿಲ್ಲವಾದ್ದರಿಂದ ಅವರು ಹಾಗೇ ಬೋರ್ಡಿನ ಕಡೆಗೇ ತಿರುಗಿ, ಒರೆಸುವ ಬಟ್ಟೆಗಾಗಿ ಕೈಯಿಂದ ತಡಕಾಡುತ್ತ ನಿಂತರು.